ನಾದ ಸರಿ

ನರಗುಂದ
9 ಸೆಪ್ಟೆಂಬರ್ 2024

ಅಬ್ಬಾ, ಸಲಾಂ.

ಇಷ್ರತ ಈಗಷ್ಟೇ ಹಾಲು ಕುಡಿದು ಮಲಗಿದಳು. ನಾಲ್ಕು ತಿಂಗಳು ತುಂಬಿದವು. ಅವಳು ಚಲೋ ಇದ್ದಾಳೆ, ನಾನೇ ಇಲ್ಲ. ಅವಳು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲೋ ಅಂತ ಎದೆಗೆ ಕಿವಿ ಹಚ್ಚಿ ಕೂಡುತ್ತೇನೆ. ಅತ್ತೆ ನಗುತ್ತಾರೆ: "ಬಿ.ಕಾಂ. ಓದಿದಾಕಿ, ಕೂಸಿನ ಉಸರ ಎಣಿಸ್ಕೊಂತ ಕುಂತಾಳ ನೋಡ."

ನಿನ್ನೆ ಫೋನ್ ಮಾಡಿದಾಗ ನಾನು ಹೇಳಿದ್ದಕ್ಕೆಲ್ಲ ನೀವು "ಹೂಂ, ಹೂಂ" ಅಂದಿರಿ. ನಲವತ್ತೊಂದನೇ ಟ್ರೇಲರ್ ನೆನಪೈತೇನ್ರಿ ಅಂದರೂ ಹೂಂ, ಈಗ ಏನ ಮಾಡೂಣ್ರಿ ಅಂದರೂ ಹೂಂ. ಫೋನ್ ಇಟ್ಟ ಮೇಲೆ "ಏನಂದಳು?" ಅಂತ ಅಮ್ಮಿಯನ್ನು ಕೇಳಿದಿರಂತೆ. ಗುಡ್ಡದ ಮೇಲಿನ ಗಾಳಿಗಿರಣಿ ಬಂದಾಗಿನಿಂದ ಫೋನ್ ಸರಿ ಬರುವುದಿಲ್ಲ ಅಂದಿರಂತೆ. ಆಗಲಿ. ಕಾಗದಕ್ಕೆ ಗಾಳಿಗಿರಣಿಯ ಕಾಟವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ನಿಮ್ಮ ಅಳಿಯ ಟೈರ್ ಅಂಗಡಿಯಿಂದ ಊಟಕ್ಕೆ ಬಂದವರು, "ನಿಮ್ಮಪ್ಪನ ಮಾಲು ನಮ್ಮ ಅಂಗಡಿ ಮುಂದ ಬಂದು ನಿಂತೈತಿ. ಬಾ, ತವರುಮನಿ ನೋಡಿ ಬರೂವಂತಿ" ಅಂದರು. ಕೂಸನ್ನು ಎತ್ತಿಕೊಂಡು ಹೋದೆ. ಬೆಳವಣಕಿಯ ಹನಮಪ್ಪನ ಟ್ರೇಲರು. ಪಂಕ್ಚರ್ ಹಾಕಿಸಲು ಬಂದಿದ್ದ. ಬಗ್ಗಿ ನೋಡಿದರೆ ಮೂಕಿ ಸೀಳಿದೆ, ಅಬ್ಬಾ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಆ ಉದ್ದನೆಯ ಮೂಕಿ ಚಾಸಿಗೆ ಕೂಡುವ ಕಡೆ, ಎಡಗಡೆ, ಬೆಸುಗೆಯ ಗುಂಟ ನನ್ನ ಗೇಣಿನಷ್ಟು ಸೀಳು. ಪಕ್ಕದಲ್ಲೇ ನಾನು ಉಳಿ ಹಿಡಿದು ಹೊಡೆದ ನಂಬರು: 41.

ಸೀಳಿನೊಳಗೆ ಕೆಂಪು ಬಣ್ಣವಿತ್ತು. ಬೆರಳಿನ ಉಗುರು ತೂರಿಸಿ ನೋಡಿದೆ. ಬಣ್ಣ ಹಚ್ಚಿದ ಮೇಲೆ ಸೀಳಿದ್ದರೆ ಒಳಗೆ ಬಣ್ಣ ಹೇಗೆ ಹೋಗಬೇಕು? ನಮ್ಮ ವರ್ಕ್‌ಶಾಪ್ ಬಿಡುವಾಗಲೇ ಆ ಬೆಸುಗೆ ಒಳಗೆ ಕೂಡಿರಲಿಲ್ಲ.

ಎರಡು ವರ್ಷದ ಹಿಂದಿನ ದಸರೆಯ ಖಂಡೆಪೂಜೆ ನೆನಪಿಸಿಕೊಳ್ಳಿ. ಆರು ಗಿರಾಕಿಗಳು, ಎಲ್ಲರಿಗೂ ಪೂಜೆಯ ದಿನವೇ ಹೊಸ ಟ್ರೇಲರು ಮನೆ ಮುಂದೆ ನಿಲ್ಲಬೇಕು. ಆ ವಾರವೆಲ್ಲ ಮಳೆ, ಕರೆಂಟು ಬಲ್ಬಿನಲ್ಲಿ ಕೆಂಡದ ಹಾಗೆ ಬರುತ್ತಿತ್ತು. ಅದರಲ್ಲೇ ವೆಲ್ಡಿಂಗ್ ಮಾಡಿದಿರಿ. 41ರಿಂದ 46. ಒಂದು ಸೀಳಿದೆ. ಉಳಿದ ಐದು ಎಲ್ಲಿವೆ, ಅದರಲ್ಲಿ ಯಾರನ್ನು ಹತ್ತಿಸುತ್ತಾರೆ, ನಿಮಗೂ ಗೊತ್ತು. ಹತ್ತಿ ಬಿಡಿಸುವ ಸುಗ್ಗಿ ಬಂತು. ಹೆಣ್ಣಾಳುಗಳು ಅದರಲ್ಲೇ ಹೊಲಕ್ಕೆ ಹೋಗುವುದು.

ಆರನ್ನೂ ವಾಪಸ್ ಕರೆಸೋಣ, ಅಬ್ಬಾ.

ನಿಮ್ಮ ಮಗಳು,
ನಾಹೀದ

*

ಗಜೇಂದ್ರಗಡ
17-9-2024

ಬೇಟಿ ನಾಹೀದಗ ಅಬ್ಬಾನ ದುವಾ.

ಕಾಗದ ಮುಟ್ಟೇತಿ. ಮೂಕಿ ಸೀಳೇತಿ ಅಂತ ಬರದಿ. ಹನಮಪ್ಪ ಅದರಾಗ ಏನ ಹೇರಿದ್ದ ಅಂತ ಬರೀಲಿಲ್ಲ. ಅಂವ ಮೂರು ಟನ್ನಿನ ಗಾಡ್ಯಾಗ ಎಂಟು ಟನ್ ಮರಳ ಹೇರಾಂವ. ಆನಿ ಕುಂಡ್ರಿಸಿದ್ರ ಮೂಕಿ ಸೀಳದ ಏನ ಮಾಡತೈತಿ?

ನಲವತ್ತು ವರ್ಷ ಆತು ಈ ಕೆಲಸಾ ಹಿಡದು. ಒಂದ ಗಾಡಿನೂ ವಾಪಸ್ ಬಂದಿಲ್ಲ. ಕಲ್ಲ ತುಂಬಿ ಮೂರ ಸಲ ಹಳ್ಳಾ ದಾಟಸದ, ಬೆಸುಗಿ ಬಡದು ನೋಡದ ಯಾವದೂ ಬಾಗಲಾ ದಾಟಿಲ್ಲ. ನೀನ ಎದುರಿಗಿ ನಿಂತು ಬರಕೊಂಡಾಕಿ. ಈಗ ನಾನ ಕರದ್ರ ಮಂದಿ ಏನಂತಾರ? ಸುಭಾನಸಾಬಗ ಕೈ ಬಿದ್ದಾವು ಅಂತಾರ.

ನಿನಗ ನಿದ್ದಿ ಇಲ್ಲ, ಅದಕ್ಕ ಹಿಂಗ ತಲ್ಯಾಗ ಏನರೆ ಬರತಾವು. ಅಮ್ಮಿ ಅಂಟಿನುಂಡಿ ಕಟ್ಯಾಳ, ಬಸ್ಸಿನ್ಯಾಗ ಕಳಸತೀನಿ. ತಿನ್ನು. ಮಲಕೊ.

ಸುಭಾನಸಾಬ

*

ನರಗುಂದ
24 ಸೆಪ್ಟೆಂಬರ್ 2024

ಅಬ್ಬಾ,

ಅಂಟಿನುಂಡಿ ಬಂದವು. ತಿಂದೆ. ನಿದ್ದೆ ಮಾತ್ರ ಬರಲಿಲ್ಲ.

"ನೀನ ಎದುರಿಗಿ ನಿಂತು ಬರಕೊಂಡಾಕಿ" ಅಂತ ಬರೆದಿರಿ. ನಾಲ್ಕು ದಿನದಿಂದ ಆ ಒಂದು ಸಾಲನ್ನೇ ಓದುತ್ತಿದ್ದೇನೆ. ಹೌದು, ನಾನೇ. ಹೇಗೆ ಬರೆದುಕೊಂಡೆ ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ. ಓದಿದ ಮೇಲೆ ಸಿಟ್ಟು ಬಂದರೆ ಕಾಗದ ಒಲೆಗೆ ಹಾಕಿರಿ, ಅಮ್ಮಿಗೆ ಓದಿ ಹೇಳಬೇಡಿರಿ.

ಹಳ್ಳ ದಾಟಿಸಿ ಬಂದ ಟ್ರೇಲರಿನ ಬೆಸುಗೆಗೆ ನೀವು ಸಣ್ಣ ಸುತ್ತಿಗೆಯಿಂದ ಬಡಿದು ಕಿವಿ ಕೊಟ್ಟು ನಿಲ್ಲುತ್ತಿದ್ದಿರಿ. ಎತ್ತಿನ ಗಂಟಿ ಎರಕ ಹೊಯ್ಯುತ್ತಿದ್ದ ಅಜ್ಜ ನಿಮಗೆ ಕಲಿಸಿದ್ದು. ಗಂಟಿಯ ಹಾಗೆ ದನಿ ಬಂದರೆ ಬೆಸುಗೆ ಒಳಗಿನತನಕ ಹಿಡಿದಿದೆ, ಒಡಕು ಗಡಿಗೆಯ ಹಾಗೆ ಬಂದರೆ ಹಿಡಿದಿಲ್ಲ. ಆಮೇಲೆ ತಲೆ ಅಲ್ಲಾಡಿಸಿ "ಬರಿ" ಅನ್ನುತ್ತಿದ್ದಿರಿ. ನಾನು ರಿಜಿಸ್ಟರಿನಲ್ಲಿ "ನಾದ ಸರಿ" ಅಂತ ಬರೆದು ಸಹಿ ಹಾಕುತ್ತಿದ್ದೆ.

ಆ ಖಂಡೆಪೂಜೆಯ ಹಿಂದಿನ ದಿನ ಆರಕ್ಕೂ ಬಡಿದಿರಿ. ಆರರ ದನಿಯೂ ಒಡಕಿತ್ತು. ನನಗೆ ಕೇಳಿಸಿತು, ಅಬ್ಬಾ. ನಿಮಗೆ ಕೇಳಿಸಲಿಲ್ಲ.

ಅದಕ್ಕೂ ಒಂದು ವರ್ಷದ ಮುಂಚಿನಿಂದಲೇ ನನಗೆ ಗೊತ್ತಿತ್ತು. ಹಿಂದಿನಿಂದ ಕರೆದರೆ ನೀವು ತಿರುಗುತ್ತಿರಲಿಲ್ಲ. ಆಜಾನ್ ಆದಾಗ ನನ್ನ ಮುಖ ನೋಡಿ ಟೊಪ್ಪಿಗೆ ಹುಡುಕುತ್ತಿದ್ದಿರಿ. ಅವತ್ತು ಆರು ಊರಿನ ಗಿರಾಕಿಗಳು ಹಾರ, ತೆಂಗಿನಕಾಯಿ ಹಿಡಿದು ಸುತ್ತಲೂ ನಿಂತಿದ್ದರು. ಅವರ ಎದುರು "ಅಬ್ಬಾ, ಇನ್ನೊಮ್ಮೆ ಬಡೀರಿ" ಅನ್ನುವುದು ನನ್ನ ಬಾಯಲ್ಲಿ ಬರಲಿಲ್ಲ. ಅಂದಿದ್ದರೆ ನಿಮ್ಮ ಕಿವಿ ಹೋದದ್ದು ನಾಲ್ಕು ಮಂದಿಗೆ ಗೊತ್ತಾಗುತ್ತಿತ್ತು. ನೀವು "ಬರಿ" ಅಂದಿರಿ, ಬರೆದೆ. ಆರು ಸಲ.

ಮೊನ್ನೆ ದವಾಖಾನೆಯಲ್ಲಿ ನರ್ಸಮ್ಮ ಇಷ್ರತಳ ಬೆನ್ನ ಹಿಂದೆ ಗಿಲಕಿ ಆಡಿಸಿದಳು. ಕೂಸು ಕತ್ತು ತಿರುಗಿಸಿ ನೋಡಿತು. "ಕಿವಿ ಚುರುಕ ಅದಾವ ನೋಡ್ರಿ" ಅಂದಳು. ನನಗೆ ಅಲ್ಲೇ ಅಳು ಬಂತು. ನರ್ಸಮ್ಮ ಏನು ತಿಳಿದುಕೊಂಡಳೋ.

ದೊಡ್ಡ ಕಂಪನಿಗಳು ಹೀಗಾದರೆ ಏನು ಮಾಡುತ್ತವೆ ಅಂತ ಓದಿದೆ. ಪರದೇಶದಲ್ಲಿ ಟ್ರೇಲರಿನ ಚೌಕಟ್ಟಿನ ಬೆಸುಗೆ ಕಚ್ಚಾ ಅಂತ ಗೊತ್ತಾದರೆ, ಮಾರಿದವರೇ ನಂಬರು ಹಿಡಿದು ಒಂದೊಂದು ಗಿರಾಕಿಗೂ ಕಾಗದ ಬರೆದು ಸಾವಿರಾರು ಗಾಡಿ ವಾಪಸ್ ಕರೆಸುತ್ತಾರಂತೆ. ಯಾರಾದರೂ ಸಾಯುವ ಮೊದಲೇ. ನಮ್ಮವು ಬರೀ ಆರು. ಗಿರಾಕಿಗಳ ಹೆಸರು, ಊರು ನನ್ನ ಬಾಯಲ್ಲೇ ಇವೆ.

ಒಂದು ವಾರ ನಿಮ್ಮ ದಾರಿ ನೋಡುತ್ತೇನೆ. ಆಮೇಲೆ ನಾನೇ ಬರೆಯುತ್ತೇನೆ.

ನಾಹೀದ

*

ನರಗುಂದ
20 ಅಕ್ಟೋಬರ್ 2024

ಅಬ್ಬಾ, ಸಲಾಂ.

ನೀವು ಬರೆಯಲಿಲ್ಲ. ನಾನು ಬರೆದೆ. ಆರೂ ಮಂದಿಗೆ ಕಳಿಸಿದ್ದು ಇದು:

"ಎರಡು ವರ್ಷದ ಹಿಂದೆ ಖಂಡೆಪೂಜೆಗೆ ಗಜೇಂದ್ರಗಡದ ಸುಭಾನಸಾಬ ಅವರ ಕಡೆಯಿಂದ ನೀವು ತಂದ ಟ್ರೇಲರಿನ ಮೂಕಿಯ ಬೆಸುಗೆ ಸರಿ ಇಲ್ಲ. ತಪ್ಪು ನಿಮ್ಮದಲ್ಲ, ನಮ್ಮದು. ಲಗೂ ತಂದುಕೊಟ್ಟರೆ ಹೊಸ ಮೂಕಿ ಕೂಡಿಸಿಕೊಡುತ್ತೇವೆ, ನೀವು ಏನೂ ಕೊಡಬೇಕಾಗಿಲ್ಲ. ಅಲ್ಲಿತನಕ ಅದರಲ್ಲಿ ಮಂದಿಯನ್ನು ಹತ್ತಿಸಬೇಡಿರಿ. ಕೂಸುಗಳನ್ನಂತೂ ಬೇಡವೇ ಬೇಡ."

ಕೊನೆಯ ಸಾಲು ಓದಿ ನಿಮ್ಮ ಅಳಿಯ, "ಇದೇನು ನೋಟೀಸೋ, ಬಾಣಂತಿ ಬರೆದ ಓಲಿಯೋ?" ಅಂದರು. ಹೊಡೆದು ಹಾಕಲು ಮನಸ್ಸಾಗಲಿಲ್ಲ, ಇರಲಿ ಅಂತ ಬಿಟ್ಟೆ. "ನಿಮ್ಮಪ್ಪನ ಮಾರಿಗೆ ನೀನ ಮಸಿ ಹಚ್ಚಿದಿ" ಅಂತಲೂ ಅಂದರು. ಅಂದವರೇ ಅಂಚೆಪೆಟ್ಟಿಗೆಗೆ ಹಾಕಿ ಬಂದರು.

ಮೊನ್ನೆ ಮುಶಿಗೇರಿಯವನೊಬ್ಬ ಟೈರಿಗೆ ಬಂದಿದ್ದ. ಅವನದು 42. ಗಜೇಂದ್ರಗಡಕ್ಕೆ ಒಯ್ದಿದ್ದನಂತೆ. "ಉಸ್ತಾದಗ ಕಾಗದ ತೋರಿಸಿದೆ, ಓದಿದ್ರು, ಮಡಿಚಿ ಅಂಗಿ ಕಿಸೇದಾಗ ಇಟಗೊಂಡ್ರು. ಮೂಕಿ ಕೊಯ್ದು ಹೊಸಾದು ಕೂಡಿಸಿದ್ರು. ಬಡದು ಮಾತ್ರ ನೋಡಲಿಲ್ರಿ, ನನ್ನ ಕೈಯಾಗ ಸುತ್ತಿಗಿ ಕೊಟ್ಟು ನೀನ ಬಡಿ ಅಂದ್ರು" ಅಂದ.

ಅದನ್ನು ಕೇಳಿದ ಮೇಲೆ ಎರಡು ತಾಸು ನಿದ್ದೆ ಬಂತು. ನಿಮಗೆ ಹೇಳಬೇಕೆನಿಸಿತು.

ನಾಹೀದ

*

ಗಜೇಂದ್ರಗಡ
30-11-2024

ಬೇಟಿಗೆ ದುವಾ.

41, 42, 43, 45, 46 ಬಂದು ಹೋದುವು. ಐದೂ ಹೊಸ ಮೂಕಿ ಆದುವು. 44 ಒಂದ ಉಳದೈತಿ, ರಾಜೂರ ಶಿವನಪ್ಪಂದು. ಹತ್ತಿ, ಅದರ ಹಿಂದ ಮೆಣಸಿನಕಾಯಿ, ಗಾಡಿ ಬಿಡುವಿಲ್ಲ ಅಂತ ಹೇಳಿ ಕಳಿಸ್ಯಾನ. ಬರತಾನ. ಚಿಂತಿ ಬಿಡು.

ಇಷ್ರತಗ ಥಂಡಿ ಹತ್ತದಂಗ ನೋಡಕೊ.

ಸುಭಾನಸಾಬ

*

ನರಗುಂದ
5 ಡಿಸೆಂಬರ್ 2024

ಅಬ್ಬಾ,

ಅವನು ಬರುವುದಿಲ್ಲ. ನೀವೇ ಹೋಗಿ. ರಾಜೂರು ಎಷ್ಟು ದೂರ? ಮೋಟರ್‌ಸೈಕಲ್ ಮೇಲೆ ಹೋದರೆ ಚಹಾ ಆರುವುದರೊಳಗೆ ಮುಟ್ಟುತ್ತೀರಿ. ನಾನೇ ಹೋಗುತ್ತಿದ್ದೆ, ಇಷ್ರತಳಿಗೆ ಜ್ವರ ಬಂದಿದೆ, ಮೂರು ದಿನವಾಯಿತು. ಶಿವನಪ್ಪನಿಗೆ ಫೋನ್ ಮಾಡಿದರೆ "ಹೂನವ್ವಾ, ತರತೀನವ್ವಾ" ಅಂತಾನೆ. ಇವತ್ತಿನ ಮಾತಲ್ಲ, ಒಂದು ತಿಂಗಳಿಂದ ಅದೇ.

ಹೋಗುವಾಗ ಅಮ್ಮಿಯನ್ನು ಕರೆದುಕೊಂಡು ಹೋಗಿ. ಯಾಕೆ ಅಂತ ನಾನು ಬರೆಯುವುದಿಲ್ಲ.

ನಾಹೀದ

*

ಗಜೇಂದ್ರಗಡ
19-1-2025

ಬೇಟಿ,

ನೀನು ಪೇಪರಿನ್ಯಾಗ ಓದಿರತಿ. ನಿಮ್ಮಮ್ಮಿ ಫೋನಿನ್ಯಾಗ ಅತ್ತಾಳ. ಖರೇ ಆದದ್ದು ನಾನ ಬರೀಬೇಕು.

ಸಂಕ್ರಾಂತಿ ಹಿಂದಿನ ದಿವಸ ಶಿವನಪ್ಪ ಮೆಣಸಿನಕಾಯಿ ಬಿಡಿಸಾಕ ಹದಿನಾಲ್ಕು ಹೆಣ್ಣಮಕ್ಕಳನ 44ರಾಗ ಕಳಿಸಿದ್ದ. ಗುಡ್ಡದ ಏರಿನ್ಯಾಗ ಮೂಕಿ ಕಿತ್ತು, ಟ್ರೇಲರ್ ಹಿಂದಕ ಹೊಳ್ಳಿ ತಗ್ಗಿನ್ಯಾಗ ಬಿತ್ತು. ಸಣ್ಣವ್ವ ಅಂತ ವಯಸ್ಸಾದಾಕಿ, ಆಕಿ ಕಾಲ ಹೋತು. ನೇತ್ರಾ ಅಂತ ಒಬ್ಬಾಕಿ ಜಾಗಾದಾಗ ತೀರಿಕೊಂಡಳು. ಇಪ್ಪತ್ತೆರಡು ವರ್ಷ. ಟ್ರ್ಯಾಕ್ಟರ್ ಹೊಡಿಯಾಂವ ಆಕಿ ಗಂಡನ, ಮಾಲತೇಶ.

ಪೊಲೀಸರು ಅವನ ಮ್ಯಾಲ ಕೇಸ್ ಹಾಕ್ಯಾರ. ಜೋರ ಹೊಡದಾನ ಅಂತ. ಅವನೂ ಹಂಗ ಅಂತಾನಂತ. ಕಂಬಕ್ಕ ಒರಗಿ ಕುಂತು ಬಂದವರಿಗೆಲ್ಲಾ "ನಾನ ಕೊಂದೆ" ಅಂತಾನಂತ.

ಈಗ ನನ್ನದು. ನಿನ್ನ ಕಾಗದ ಬಂದ ಮರುದಿನ, ಡಿಸೆಂಬರಿನ್ಯಾಗ, ನಾನು ರಾಜೂರಿಗೆ ಹೋಗಿದ್ದೆ. ಅಮ್ಮಿನ್ನ ಕರಕೊಂಡು ಹೋಗು ಅಂತ ಬರದಿದ್ದಿ. ಹೋಗಲಿಲ್ಲ, ಒಬ್ಬನ ಹೋದೆ. ಶಿವನಪ್ಪ ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಟ್ಟ. ಗಾಡಿ ಕೊಡು ಅಂದೆ. ಅಂವ ನಕ್ಕೊಂತ ಏನೋ ಅಂದ. ಸುತ್ತಲೂ ನಾಲ್ಕ ಮಂದಿ ಇದ್ರು. ಇನ್ನೊಮ್ಮೆ ಹೇಳ ಅನ್ನಾಕ ನಾಚಿಕಿ ಆತು. ಹೂಂ ಅಂದೆ. ಮತ್ತ ಏನೋ ಅಂದ, ಮತ್ತ ಹೂಂ ಅಂದೆ. ನಾಳಿ ತರತಾನ ಅಂತ ತಿಳಕೊಂಡು ಬಂದೆ.

ಮೊನ್ನೆ ನೇತ್ರಾನ ಮಣ್ಣಿಗಿ ನಿಮ್ಮಮ್ಮಿನ್ನ ಕರಕೊಂಡು ಹೋದೆ. ಮಂದಿ ಬಾಯಿ ತೆರದು ಅಳತಿದ್ರು. ನನಗ ಒಂದೂ ಕೇಳಲಿಲ್ಲ. ಬರೇ ಬಾಯಿ ಕಂಡುವು. ಶಿವನಪ್ಪ ನನ್ನ ಅಂಗಿ ಹಿಡದು ಜಗ್ಗಾಡಿದ. ಅಂವ ಅಂದದ್ದು ಮನಿಗಿ ಬಂದ ಮ್ಯಾಲ ನಿಮ್ಮಮ್ಮಿ ಕಿವಿಗಿ ಬಾಯಿ ಹಚ್ಚಿ ಒದರಿ ಹೇಳಿದಳು: "ಮೆಣಸಿನಕಾಯಿ ಮುಗಿಯೂತನಕ ಹೆಣ್ಣಾಳು ಹತ್ತಿಸಿದ್ರ ನಡೀತೈತಿ ಏನ್ರಿ ಉಸ್ತಾದ ಅಂತ ಕೇಳಿದ್ದೆ. ಹೂಂ ಅಂದ್ರಿ. ಗಾಡಿ ಮಾಡಿದಾತನ ಹೂಂ ಅಂದ ಮ್ಯಾಲ ನಾ ಇನ್ನ್ಯಾರನ ಕೇಳಲಿ?"

ಇನ್ನೊಂದು ಮಾತು ಅಂದನಂತ. "ನಿಮ್ಮ ಮಗಳ ಕಾಗದಾ ಓದಿದ್ದೆ. ಕೂಸುಗಳನ ಬ್ಯಾಡ ಅಂತ ಬರದಿದ್ಲು. ಅದೊಂದ ನಡಿಸಿಕೊಂಡು ಬಂದೀನಿ. ಮೊಲಿ ಕುಡಿಯೋ ಕೂಸು ಯಾವದೂ ಗಾಡಿ ಹತ್ತಬಾರದು ಅಂದಿದ್ದೆ." ನೇತ್ರಾನ ಕೂಸು ಅದಕ್ಕ ಮನ್ಯಾಗ ಇತ್ತು. ಐದು ತಿಂಗಳದ್ದು. ಉಳದೈತಿ.

ತಗ್ಗಿನ್ಯಾಗ ಇಳದು ಮೂಕಿ ನೋಡಿದೆ. ಕಿತ್ತ ಬಾಯಿ ಒಂದು ಕೈಬಟ್ಟಿನಷ್ಟ ಹೊಳೀತಿತ್ತು, ಅದು ಅವತ್ತು ಹರದದ್ದು. ಉಳದದ್ದೆಲ್ಲಾ ನಮ್ಮ ಕೆಂಪ ಬಣ್ಣ.

ನನಗ ಕಿವಿ ಕೇಳಸೂದಿಲ್ಲ, ಬೇಟಿ. ನಾಲ್ಕು ವರ್ಷ ಆತು. ನಿನ್ನ ಸೆಪ್ಟೆಂಬರಿನ ಕಾಗದಾ ಒಲಿಗಿ ಹಾಕಲಿಲ್ಲ. ರಿಜಿಸ್ಟರಿನ್ಯಾಗ ಇಟ್ಟೀನಿ, 44ನೇ ಸಾಲಿನ ಹಂತೇಕ. ಪೊಲೀಸರು ಮೂಕಿ ನೋಡಿಲ್ಲ, ಯಾರೂ ನಮ್ಮನ್ನ ಕೇಳಿಲ್ಲ. ಸುಮ್ಮನ ಕುಂತ್ರ ಯಾರಿಗೂ ತಿಳಿಯೂದಿಲ್ಲ. ಆ ಹುಡುಗ ಜೇಲಿಗಿ ಹೋಗತಾನ.

ನೀ ಬಾ. ಠಾಣೇದಾಗ ಅವರು ಕೇಳಿದ್ದು ನನಗ ಬರದು ತೋರಿಸಾಕ ಒಬ್ಬರ ಬೇಕು. ಇನ್ನ ಮ್ಯಾಲ ನಾ ಹೂಂ ಅನ್ನೂದಿಲ್ಲ.

ಅಬ್ಬಾ

*

ಗಜೇಂದ್ರಗಡ
2 ಫೆಬ್ರವರಿ 2025

ರಾಜೂರಿನ ಮಾಲತೇಶ ಅವರಿಗೆ,

ನಾನು ನಿಮಗೆ ಪರಿಚಯದವಳಲ್ಲ. ನೀವು ಎಳೆಯುತ್ತಿದ್ದ ಟ್ರೇಲರು ಮಾಡಿದ ಸುಭಾನಸಾಬರ ಮಗಳು. ಮೊದಲು ನಿಮ್ಮ ಮನೆಗೇ ಬಂದಿದ್ದೆ. ಬಾಗಿಲಲ್ಲಿ ನಿಮ್ಮ ತಾಯಿ ಕೂಸಿಗೆ ಚಮಚದಿಂದ ಹಾಲು ಹಾಕುತ್ತಿದ್ದರು, ಅದು ಮುಖ ತಿರುಗಿಸುತ್ತಿತ್ತು. ಎದೆಯ ಮೇಲೆ ನನ್ನ ಸೀರೆ ತೊಯ್ದಿತು. ನನಗೂ ಒಂದು ಹಾಲು ಕುಡಿಯುವ ಕೂಸಿದೆ. ಒಳಗೆ ಬಂದು ಆ ಕೂಸಿಗೆ ಕೈ ಚಾಚುವ ಮುಖ ನನಗಿರಲಿಲ್ಲ. ಅಂಗಳದಿಂದಲೇ ತಿರುಗಿ ಬಂದೆ. ಅದಕ್ಕೆ ಈ ಕಾಗದ.

ನೀವು ಎಲ್ಲರಿಗೂ "ನಾನೇ ಕೊಂದೆ" ಅನ್ನುತ್ತೀರಂತೆ. ಹಾಗನ್ನಬೇಡಿ. ಅದು ಖರೇ ಅಲ್ಲ.

ಆ ಟ್ರೇಲರಿನ ಮೂಕಿ ಎರಡೂಕಾಲು ವರ್ಷದಿಂದ ಒಂದು ಬಟ್ಟಿನಷ್ಟು ಬೆಸುಗೆಯ ಮೇಲೆ ನಿಂತಿತ್ತು. ನೀವು ನಿಧಾನ ಹೊಡೆದಿದ್ದರೂ ಅದು ಕೀಳುತ್ತಿತ್ತು. ಆ ಏರಿನಲ್ಲಲ್ಲದಿದ್ದರೆ ಇನ್ನೊಂದು ಏರಿನಲ್ಲಿ. ಟ್ರ್ಯಾಕ್ಟರು ಒಮ್ಮೆಲೇ ಹಗುರಾಯಿತು, ಹೊರಳಿ ನೋಡುವುದರೊಳಗೆ ಹಿಂದೆ ಏನೂ ಇರಲಿಲ್ಲ ಅಂತ ನೀವು ಪೊಲೀಸರಿಗೆ ಹೇಳಿದ್ದೀರಂತೆ. ಆ ಗಳಿಗೆಯಲ್ಲಿ ನಿಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮಾಡುವಂಥದ್ದೆಲ್ಲ ನಮ್ಮ ಕೈಯಲ್ಲಿತ್ತು, ಅದೂ ಬಹಳ ಮೊದಲು.

ನಿನ್ನೆ ಅಬ್ಬಾ, ನಾನು ಇಬ್ಬರೂ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆವು. ಸಾಹೇಬರು ಮೊದಲು ನಂಬಲಿಲ್ಲ. "ಸುಮ್ಮನ ಇದ್ದವರನ್ನ ಯಾರ ಕರದಿದ್ರು?" ಅಂದರು. ಕಿವಿ ಕೇಳಿಸದ ಅಬ್ಬಾ ನಾನು ಪಾಟಿಯ ಮೇಲೆ ಬರೆದು ಹಿಡಿದದ್ದನ್ನು ಓದಿ, "ಕರೀಬೇಕಾದವ ನಾನ ಇದ್ನಿರಿ. ತಡಾ ಆತು" ಅಂದರು. ಆಮೇಲೆ ಪೊಲೀಸರನ್ನು ಕರೆದುಕೊಂಡು ಹೋಗಿ ತಗ್ಗಿನಲ್ಲಿದ್ದ ಮೂಕಿ ತೋರಿಸಿದರು. ಅದನ್ನೂ ರಿಜಿಸ್ಟರನ್ನೂ ಜಪ್ತಿ ಮಾಡಿದ್ದಾರೆ. ನಿಮ್ಮ ಮೇಲಿನ ಕೇಸು ಯಾವಾಗ ಬಿಡುತ್ತದೋ ಗೊತ್ತಿಲ್ಲ. ನಮ್ಮ ಮೇಲೆ ಆಗುವುದು ಆಗಲಿ. ನ್ಯಾಯಾಧೀಶರ ಎದುರಿಗೂ ನಾನು ಇದನ್ನೇ ಹೇಳುತ್ತೇನೆ. ವರ್ಕ್‌ಶಾಪಿಗೆ ಬೀಗ ಹಾಕಿದ್ದೇವೆ.

ನಿಮ್ಮ ಮಗ ದೊಡ್ಡವನಾಗಿ ಒಂದು ದಿನ ಕೇಳುತ್ತಾನೆ. ಆಗ ತೋರಿಸಲು ಈ ಕಾಗದ ಇಟ್ಟುಕೊಳ್ಳಿ. ಅವನ ತಂದೆಯ ತಪ್ಪಲ್ಲ ಅಂತ ಒಬ್ಬರಾದರೂ ಸಹಿ ಹಾಕಿ ಬರೆದುಕೊಟ್ಟಿರಬೇಕು. ನೀವು ಅವನ ತಾಯಿಯನ್ನು ಕೂಡಿಸಿಕೊಂಡು ಹೋದ ಗಾಡಿ ಸರಿ ಇದೆ ಅಂತ ಸಹಿ ಹಾಕಿದ ಕೈಯೇ ಇದನ್ನೂ ಬರೆಯುತ್ತಿದೆ.

ಮಾಫಿ ಕೇಳುವುದಿಲ್ಲ. ಕೇಳಿದರೆ ಕೊಡುವ ಭಾರವೂ ನಿಮ್ಮ ಮೇಲೇ ಬೀಳುತ್ತದೆ.

ರಿಜಿಸ್ಟರು ಒಯ್ಯುವ ಮೊದಲು ಸಾಹೇಬರ ಎದುರಿಗೇ 44ನೇ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ. ಹಳೆಯದನ್ನು ಹೊಡೆದು ಹಾಕಲಿಲ್ಲ. ಎರಡೂ ಅಲ್ಲೇ ಇವೆ, ಒಂದರ ಕೆಳಗೊಂದು.

ನಾದ ಸರಿ. ನಾಹೀದ, 3-10-2022.

ನಾದ ಒಡಕಿತ್ತು. ನನಗೆ ಕೇಳಿಸಿತ್ತು. ನಾಹೀದ, 1-2-2025.